ಪಾಠದ ನಡುವೆ ಬಂದ ಚೀಟಿ

ಮಾರ್ಚ್ ೯, ಭಾನುವಾರ

ಉಪ್ಪಣ್ಣನ ಅಪ್ಪನಿಗೆ,

ಹೀಗೆ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಹೇಗೆ ಶುರು ಮಾಡುವುದೆಂದು ತಿಳಿಯದೆ ನಾಲ್ಕು ಹಾಳೆ ಹರಿದ ಮೇಲೆ ಇದೊಂದೇ ಉಳಿಯಿತು. ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ ನಾನು. 'ರೀ' ಎನ್ನಲು ಹದಿನಾಲ್ಕು ವರ್ಷದಿಂದ ಬಾಯಿ ಬಂದಿಲ್ಲ.

ನಾನು ಚೆನ್ನಾಗಿಯೇ ಇದ್ದೇನೆ. ಮಂಡಿ ನೋವು ಒಂದು ಬಿಟ್ಟರೆ ಬೇರೆ ತೊಂದರೆ ಇಲ್ಲ. ಅದೇ ಕ್ವಾರ್ಟರ್ಸ್, ಅದೇ ಎರಡನೆಯ ಮಹಡಿ. ಮುಂದಿನ ಕೋಣೆಯಲ್ಲಿ ನಿಮ್ಮ ಹೊಲಿಗೆ ಯಂತ್ರ ನಿಂತಿದ್ದ ಕಡೆ ನೆಲದಲ್ಲಿ ನಾಲ್ಕು ಕುಳಿ ಬಿದ್ದಿವೆ. ಗುಡಿಸುವಾಗ ಕಸ ಅಲ್ಲೇ ಕೂರುತ್ತದೆ. ನರ್ಸಿಂಗ್ ಕಾಲೇಜಿನಲ್ಲಿ ಈಗ ನಾನು ಹಿರಿಯ ಟೀಚರ್. ಹುಡುಗಿಯರು ಹೆದರುತ್ತಾರೆ ಅಂತ ಕೇಳಿದ್ದೇನೆ.

ಇಷ್ಟು ವರ್ಷ ಬಿಟ್ಟು ಈಗೇಕೆ ಎಂದು ನೀವು ಕೇಳಬಹುದು. ಮೊನ್ನೆ ಗುರುವಾರ ಮಕ್ಕಳ ವಾರ್ಡಿನಲ್ಲಿ ಒಂದು ಸಂಗತಿ ನಡೆಯಿತು.

ಮೂರು ತಿಂಗಳ ಗಂಡು ಮಗು. ನಮ್ಮವನದೇ ಕಾಯಿಲೆ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಆ ಗ್ರಂಥಿ ಕೆಲಸ ಮಾಡುವುದಿಲ್ಲ, ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ. ಮರುದಿನ ಮನೆಗೆ ಕಳಿಸಬೇಕಿತ್ತು. ಅಪ್ಪ ಗಾರೆ ಕೆಲಸದವನು, ಬೆರಳುಗಳು ಸಿಮೆಂಟು ತಿಂದು ಒಡೆದಿವೆ. ನನ್ನ ಎರಡನೆಯ ವರ್ಷದ ಹುಡುಗಿಯೊಬ್ಬಳು ಅವನಿಗೆ ತುರ್ತಿನ ಚುಚ್ಚುಮದ್ದು ಕಲಿಸುತ್ತಿದ್ದಳು. ತರಗತಿಯಲ್ಲಿ ಹಾಜರಿ ಕೂಗಿದರೂ ಅವಳ ದನಿ ಕೇಳಿಸುವುದಿಲ್ಲ, ಅಂಥವಳು. ಒಂದು ಕಿತ್ತಳೆ ಹಣ್ಣು ಹಿಡಿದು ಸೂಜಿ ಚುಚ್ಚಿಸುತ್ತಿದ್ದಳು. ಮೊದಲ ಸಲ ಸೂಜಿ ಬಾಗಿತು. ಎರಡನೆಯ ಸಲ ಅವನು ತನ್ನ ಹೆಬ್ಬೆರಳಿಗೇ ಚುಚ್ಚಿಕೊಂಡ. ನನ್ನ ಕೈಲಿ ಆಗಲ್ಲಮ್ಮ, ನನ್ನ ಹೆಂಡತಿಗೆ ಹೇಳಿಕೊಡಿ ಸಾಕು ಎಂದ. ಹುಡುಗಿ ಹೊಸ ಸೂಜಿ ಕೊಟ್ಟಳು.

"ಕೈ ನಡುಗಿದ್ರೂ ಪರವಾಗಿಲ್ಲ ಅಣ್ಣಾ, ಔಷಧಿ ಒಳಗೆ ಹೋದ್ರೆ ಸಾಕು. ಅಕ್ಕ ಮನೇಲಿ ಇಲ್ಲದ ದಿನ ನೀವೇ ತಾನೆ ಇರೋದು? ನೀವು ಕಲಿಯೋವರೆಗೂ ನಾನೆಲ್ಲೂ ಹೋಗಲ್ಲ."

ನಾಲ್ಕನೆಯ ಸಲಕ್ಕೆ ಅವನಿಗೆ ಬಂತು. ಹಣ್ಣನ್ನು ಕೆಳಗಿಟ್ಟು ಮುಖ ಒರೆಸಿಕೊಂಡ. ಆಮೇಲೆ ಹುಡುಗಿ ಒಂದು ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. 'ತಾಯಿಗೆ ಕಲಿಸಲಾಗಿದೆ, ತಂದೆಗೆ ಕಲಿಸಲಾಗಿದೆ' ಎಂದು ಎರಡು ಸಾಲು, ಕೆಳಗೆ ನನ್ನ ಸಹಿ ಬೇಕು. ಪೆನ್ನು ತೆಗೆದೆ. ಸಹಿ ಹಾಕಲಾಗಲಿಲ್ಲ. ಬಂದೆ ಇರು ಎಂದು ಹೇಳಿ ಹಾಸಿಗೆ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ.

ಅಂಥದೇ ಒಂದು ಹಾಳೆಗೆ ನಾನು ಹಿಂದೊಮ್ಮೆ ಸಹಿ ಹಾಕಿದ್ದೆ. ಅದು ನಿಮಗೆ ಗೊತ್ತಿಲ್ಲ.

ಉಪ್ಪಣ್ಣ ಹುಟ್ಟಿ ಹನ್ನೆರಡನೆಯ ದಿನ ನಿಮಗೆ ನೆನಪಿರಬೇಕು. ಕುಡಿದ ಹಾಲೆಲ್ಲ ಕಕ್ಕುತ್ತಿದ್ದ. ಎಲ್ಲ ಕೂಸುಗಳೂ ಕಕ್ಕುತ್ತವೆ, ನಾನು ದಿನಕ್ಕೆ ಇಪ್ಪತ್ತು ನೋಡುತ್ತೇನೆ ಎಂದು ನಿಮ್ಮ ಬಾಯಿ ಮುಚ್ಚಿಸಿದ್ದೆ. ನೀವು ಅವನನ್ನು ಅಂಗೈ ಮೇಲೆ ಎತ್ತಿಕೊಂಡು, ಹಗುರ ಆಗಿದಾನೆ ಕಣೇ, ನಾನು ಹೊಲಿದ ಅಂಗಿ ತೋಳಲ್ಲಿ ಸಡಿಲ ಆಗಿದೆ ಎಂದಿರಿ. ಹಟ ಹಿಡಿದು ಆಸ್ಪತ್ರೆಗೆ ಹೊರಡಿಸಿದಿರಿ. ಇನ್ನು ಆರು ತಾಸು ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮಕ್ಕಳ ಶುಶ್ರೂಷೆ ಕಲಿಸುವವಳು ನಾನು. ಕಂಡುಹಿಡಿದವರು ನೀವು.

ಅವನು ದೊಡ್ಡವನಾದ. ಉಪ್ಪಿನ ಡಬ್ಬಿ ಎಲ್ಲಿಟ್ಟರೂ ಹುಡುಕಿ ನೆಕ್ಕುತ್ತಿದ್ದ. ಸೌತೆಕಾಯಿ ಕೊಟ್ಟರೆ ಮೇಲಿನ ಉಪ್ಪು ನೆಕ್ಕಿ ಕಾಯಿ ವಾಪಸು ಕೊಡುತ್ತಿದ್ದ. ಹೆಸರಿಟ್ಟದ್ದೂ ನೀವೇ. ಶಾಲೆಯಲ್ಲಿ ಹೆಸರು ಕೇಳಿದರೆ ದಾಖಲೆಯ ಹೆಸರು ಬಿಟ್ಟು ಉಪ್ಪಣ್ಣ ಎಂದೇ ಹೇಳಿ ಬಂದಿದ್ದ.

ಐದು ವರ್ಷ ತುಂಬಿದಾಗಿನ ಮಾತು. ಎರಡು ತಿಂಗಳ ಹಿಂದೆ ಬಿಚ್ಚಿದ ಚಡ್ಡಿಯ ಮಡಿಕೆ ಮತ್ತೆ ಬಿಚ್ಚಬೇಕಾಯ್ತು, ಇವನು ಬೆಳೆಯಬೇಕಾದ್ದಕ್ಕಿಂತ ಬೇಗ ಬೆಳೀತಿದಾನೆ ಎಂದು ನೀವು ಟೇಪು ಹಿಡಿದು ಅಳತೆ ಬರೆದಿಟ್ಟ ಪುಸ್ತಕವನ್ನೇ ಡಾಕ್ಟರ ಮುಂದೆ ಇಟ್ಟಿರಿ. ರಕ್ತ ಪರೀಕ್ಷೆಯಲ್ಲೂ ಹಾಗೇ ಬಂತು, ದಿನಾ ಕೊಡುತ್ತಿದ್ದ ಮಾತ್ರೆ ಸಾಲುತ್ತಿರಲಿಲ್ಲ. ಡಾಕ್ಟರು ನಿಮ್ಮ ಬೆನ್ನು ತಟ್ಟಿದರು. ನನ್ನ ಕಡೆ ತಿರುಗಿ, ನಿಮಗಿಂತ ಇವರೇ ಚೆನ್ನಾಗಿ ನೋಡ್ತಾರಲ್ಲ ಸಿಸ್ಟರ್ ಎಂದು ನಕ್ಕರು. ತಮಾಷೆಗೆ ಅಂದದ್ದು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಮನೆಗೆ ಬರುವವರೆಗೂ ನಾನು ನಿಮ್ಮ ಜೊತೆ ಮಾತಾಡಲಿಲ್ಲ. ತಲೆನೋವು ಎಂದಿದ್ದೆ.

ಮುಂದಿನ ಸಲ ಹೋದಾಗ ಆ ಕ್ಲಿನಿಕ್ಕಿನ ನರ್ಸಮ್ಮ, ಅಪ್ಪನಿಗೂ ಇಂಜೆಕ್ಷನ್ ಕಲಿಸೋಣ, ಒಳಗೆ ಕಳಿಸಿ ಎಂದು ಕೇಳಿದರು. ನೀವು ಹೊರಗೆ ಉಪ್ಪಣ್ಣನ ಜೊತೆ ಇದ್ದಿರಿ. ನಾನೇ ಟೀಚರ್, ಮನೆಯಲ್ಲಿ ನಾನೇ ಹೇಳಿಕೊಡುತ್ತೇನೆ ಎಂದೆ. ಅವರು ಹಾಳೆ ಮುಂದಿಟ್ಟರು. 'ತಂದೆಗೆ ಕಲಿಸಲಾಗಿದೆ' ಎಂಬುದರ ಎದುರು ಸಹಿ ಹಾಕಿದೆ.

ಮನೆಯಲ್ಲಿ ನೀವು ಎಷ್ಟು ಸಲ ಕೇಳಿದಿರಿ. ದಿನವೆಲ್ಲ ಸೂಜಿ ಹಿಡಿದವನಿಗೆ ಇದೇನು ಕಷ್ಟ, ತೋರಿಸು ಎಂದಿರಿ. ನಿಮ್ಮ ಸೂಜಿ ಬೇರೆ, ಈ ಸೂಜಿ ಬೇರೆ, ರಕ್ತ ಕಂಡರೆ ಬೀಳ್ತೀರಿ ಎಂದು ನಗೆಯಾಡಿ ತಳ್ಳಿದೆ. ಉಪ್ಪಣ್ಣನೂ ನಕ್ಕ, ನೀವೂ ನಕ್ಕಿರಿ. ಔಷಧಿಯ ಸೀಸೆ, ಸಿರಿಂಜು ಎರಡನ್ನೂ ಸ್ಟೀಲಿನ ಡಬ್ಬಿಯಲ್ಲಿ ಹಾಕಿ ನನ್ನ ಬೀರುವಿನ ಮೇಲಿನ ಅರೆಯಲ್ಲಿ ಬಟ್ಟೆಗಳ ಹಿಂದೆ ಇಟ್ಟಿದ್ದೆ. ಮಗುವಿನ ಕೈಗೆ ಸಿಗದಿರಲಿ ಎಂದು ನಿಮಗೆ ಹೇಳಿದ್ದೆ. ನಿಜ ಹೇಳುತ್ತೇನೆ ಕೇಳಿ. ಅವನ ಉಡುಪು, ಊಟ, ನಿದ್ದೆ, ನಗು ಎಲ್ಲ ನಿಮ್ಮದಾಗಿತ್ತು. ಅದೊಂದಾದರೂ ನನ್ನದಾಗಿರಲಿ ಎಂದುಕೊಂಡೆ.

ಇನ್ನು ಆ ದಿನದ ಮಾತು.

ಬೆಳಿಗ್ಗೆ ಅವನಿಗೆ ಜ್ವರವಿತ್ತು. ಜ್ವರ ಬಂದರೆ ಕೊಡಬೇಕೆಂದು ಡಾಕ್ಟರು ಹೇಳಿದ್ದ ಹಾಗೆ ಎರಡು ಪಟ್ಟು ಮಾತ್ರೆ ಕೊಟ್ಟೆ. ಅವತ್ತು ನನ್ನ ಪಾಠ ನೋಡಲು ಹೊರಗಿನಿಂದ ಮೂರು ಜನ ಬರುವವರಿದ್ದರು. ಬಡ್ತಿ ಅದರ ಮೇಲೆ ನಿಂತಿತ್ತು. ನೀವು ಅಂಗಡಿ ತೆರೆಯದೆ ಮನೆಯಲ್ಲೇ ಉಳಿದಿರಿ. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ವಾಂತಿ ಗೀಂತಿ ಆದ್ರೆ ಏನ್ಮಾಡ್ಲಿ ಎಂದು ಕೇಳಿದಿರಿ. ಕಾಲೇಜಿಗೆ ಫೋನ್ ಮಾಡಿ ಎಂದೆ. ಅದರ ಹಿಂದಿನ ವಾರ ಇದೇ ಬಾಯಲ್ಲಿ, ಸೀನಿದ್ದಕ್ಕೆ ಕೆಮ್ಮಿದ್ದಕ್ಕೆಲ್ಲ ಕಾಲೇಜಿಗೆ ಫೋನ್ ಮಾಡ್ಬೇಡಿ, ಎಲ್ಲರೂ ನಗ್ತಾರೆ ಎಂದು ಗದರಿದ್ದೆ. ಅದಕ್ಕೇ ಇರಬೇಕು, ನೀವು ಮೊದಲ ವಾಂತಿಗೆ ಮಾಡಲಿಲ್ಲ. ಎರಡನೆಯದಕ್ಕೆ ಮಾಡಿದಿರಿ. ಅವನನ್ನು ಪಕ್ಕದ ಮನೆಯಾಕೆಯ ಹತ್ತಿರ ಬಿಟ್ಟು, ಬೀದಿ ತುದಿಯ ಔಷಧಿ ಅಂಗಡಿಗೆ ಓಡಿ ಬಂದು ಮಾಡಿದಿರಿ.

ನಿಮ್ಮ ಫೋನ್ ಎತ್ತಿದ್ದು ನಮ್ಮ ಅಟೆಂಡರ್ ಅಕ್ಕ. ಆಕೆ ಚೀಟಿ ಬರೆದುಕೊಂಡು ನನ್ನ ತರಗತಿಯ ಬಾಗಿಲಿಗೆ ಬಂದರು. ನಾನು ಅದನ್ನು ಓದಿದೆ. ಹೌದು, ನನ್ನ ಕೈಗೆ ಕೊಟ್ಟರು, ನಾನು ಓದಿದೆ. ಅದರಲ್ಲಿದ್ದದ್ದು ಈಗಲೂ ಅಕ್ಷರ ಅಕ್ಷರ ಹೇಳಬಲ್ಲೆ: 'ಮನೆಯಿಂದ ಫೋನ್. ಮಗುವಿಗೆ ಎರಡು ಸಲ ವಾಂತಿ. ಬೆಳಗಿನ ಮಾತ್ರೆ ಹೊರಗೆ ಬಂದಿದೆ. ಮಂಕಾಗಿದ್ದಾನೆ. ಏನು ಮಾಡುವುದು?'

ಮಾತ್ರೆ ಹೊರಗೆ ಬಂದಿದೆ ಎಂದು ಹೇಳಬೇಕೆಂದು ನಿಮಗೆ ಯಾರೂ ಕಲಿಸಿರಲಿಲ್ಲ. ನೀವೇ ನೋಡಿ ಹೇಳಿದಿರಿ.

ಅವತ್ತು ನಾನು ಕಲಿಸುತ್ತಿದ್ದದ್ದು ಅದೇ ಪಾಠ. ಅದೇ ಗ್ರಂಥಿ, ಅದೇ ಕಾಯಿಲೆ. ಮನೆಯಲ್ಲೇ ಇರುವ ಕಾಯಿಲೆ, ನೀರು ಕುಡಿದ ಹಾಗೆ ಹೇಳಬಲ್ಲೆ, ಬಂದವರು ಮೆಚ್ಚುತ್ತಾರೆ ಎಂದು ನಾನೇ ಆರಿಸಿಕೊಂಡಿದ್ದೆ. ಹಿಂದಿನ ಬೆಂಚಿನಲ್ಲಿ ಮೂರೂ ಜನ ಕಾಲಮೇಲೆ ಕಾಲು ಹಾಕಿ ಕೂತು ಬರೆದುಕೊಳ್ಳುತ್ತಿದ್ದರು. ನಾನು ಚೀಟಿಯನ್ನು ಮಡಿಸಿ ಹಾಜರಿ ಪುಸ್ತಕದೊಳಗೆ ಇಟ್ಟೆ. ಅಟೆಂಡರ್ ಅಕ್ಕನಿಗೆ ಮೆಲ್ಲಗೆ ಹೇಳಿದೆ: "ಕ್ಲಾಸ್ ಮುಗಿಸಿ ಬರ್ತೀನಿ ಅಂತ ಹೇಳಿ. ಅಲ್ಲೀವರೆಗೆ ಸಕ್ಕರೆ ನೀರು ಕುಡಿಸ್ಲಿ."

ಆಕೆ ಹೋಗದೆ ಒಂದು ಗಳಿಗೆ ನಿಂತರು. ನಾನು ಬೋರ್ಡಿಗೆ ತಿರುಗಿದೆ. ಮುಂದೆ ಬರೆಯಬೇಕಾಗಿದ್ದ ಸಾಲು ಬರೆದೆ. 'ವಾಂತಿಯಾದರೆ ಕಾಯಬಾರದು. ಕೂಡಲೇ ಚುಚ್ಚುಮದ್ದು.' ಹುಡುಗಿಯರು ಅದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡರು. ನನ್ನ ಕೈ ನಡುಗಲಿಲ್ಲ. ಎರಡು ಪಟ್ಟು ಕೊಟ್ಟು ಬಂದಿದ್ದೇನೆ, ಸ್ವಲ್ಪವಾದರೂ ಒಳಗೆ ಉಳಿದಿರುತ್ತದೆ, ನೀವು ಇಲ್ಲದ್ದನ್ನು ದೊಡ್ಡದು ಮಾಡುವವರು, ಇನ್ನರ್ಧ ಗಂಟೆ ತಾನೆ ಎಂದು ಮನಸ್ಸು ಒಂದರ ಮೇಲೊಂದು ನೆಪ ಹೇಳುತ್ತಿತ್ತು. ಬಾಯಿ ಪಾಠ ಮಾಡುತ್ತಿತ್ತು.

ಅಟೆಂಡರ್ ಅಕ್ಕ ಆಫೀಸಿಗೆ ಹೋಗುವಷ್ಟರಲ್ಲಿ ಫೋನ್ ಕಟ್ಟಾಗಿತ್ತಂತೆ. ನೀವು ಮಗುವಿನ ಹತ್ತಿರ ವಾಪಸು ಓಡಿದ್ದಿರಿ. ನಾನು ಈಗ ಬರುತ್ತೇನೆ, ಈಗ ಬರುತ್ತೇನೆ ಎಂದು ಕಿಟಕಿಯಲ್ಲಿ ನೋಡುತ್ತಾ ಇದ್ದಿರಿ.

ಇಲ್ಲಿಂದ ಮುಂದಿನದನ್ನು ಬರೆಯದೆ ಬಿಡಬಹುದಿತ್ತು. ಇದು ಅಟೆಂಡರ್ ಅಕ್ಕನಿಗೂ ಗೊತ್ತಿಲ್ಲ. ಪಾಠ ಮುಗಿದ ಮೇಲೆ ಆ ಮೂವರೂ ಎದ್ದು ಬಂದು ಹೊಗಳಿದರು. ಪ್ರಿನ್ಸಿಪಾಲರು ಕಾಫಿಗೆ ಕರೆದರು. ನಾನು ಹೋದೆ. ಮನೆಗೆ ಹೋಗಬೇಕು ಎನ್ನಲು ನಾಲಿಗೆಯ ತುದಿಯವರೆಗೂ ಬಂದಿತ್ತು, ಹೇಳಲಿಲ್ಲ. ಕೂತು ಕಾಫಿ ಕುಡಿದೆ. ಹದಿನೈದು ನಿಮಿಷ.

ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಓಡಿದರು ಎಂದಳು ಪಕ್ಕದ ಮನೆಯಾಕೆ. ಬೀರು ತೆರೆದು ಡಬ್ಬಿ ಹಿಡಿದುಕೊಂಡು ನಾನೂ ಓಡಿದೆ. ಅಲ್ಲಿ ಎಳೆ ವಯಸ್ಸಿನ ಡಾಕ್ಟರು ಸಲೈನ್ ಹಾಕಿ ನಿಂತಿದ್ದರು. ಇಂಥ ಕಾಯಿಲೆಯನ್ನು ಅವರು ಕಂಡಿರಲಿಲ್ಲ. ನಿಮಗೆ ಅದರ ಇಂಗ್ಲಿಷ್ ಹೆಸರು ಬಾಯಿಗೆ ಬಾರದೆ, ಇವನಿಗೆ ಮೈಯಲ್ಲಿ ಉಪ್ಪು ನಿಲ್ಲಲ್ಲ ಸಾರ್, ಉಪ್ಪು ನಿಲ್ಲಲ್ಲ ಎಂದು ಅದನ್ನೇ ಹೇಳುತ್ತಿದ್ದಿರಿ. ಅದಕ್ಕಿಂತ ಸರಿಯಾಗಿ ನಾನೂ ಹೇಳಿಲ್ಲ ಯಾವತ್ತೂ. ನಾನು ಹೆಸರು ಹೇಳಿದೆ. ಅವರು ತಕ್ಷಣ ಚುಚ್ಚಿದರು. ಅಷ್ಟರಲ್ಲಿ ಅವನ ಹೃದಯ ಲಯ ತಪ್ಪಿತ್ತು. ಮಧ್ಯಾಹ್ನ ಒಂದೂ ಮುಕ್ಕಾಲಿಗೆ ನಿಂತಿತು. ನಿಮ್ಮ ಕುತ್ತಿಗೆಯಲ್ಲಿದ್ದ ಅಳತೆ ಟೇಪಿನ ತುದಿ ಅವನ ಮುಷ್ಟಿಯಲ್ಲಿತ್ತು. ವಾರ್ಡಿನ ನರ್ಸ್ ಒಂದೊಂದೇ ಬೆರಳು ಬಿಡಿಸಿದಳು.

ಹೊರಗೆ ಹಜಾರದಲ್ಲಿ ನನ್ನಣ್ಣ ಇದ್ದ, ನಿಮ್ಮಮ್ಮ ಇದ್ದರು. ಬೆಳಿಗ್ಗೆಯೇ ಫೋನ್ ಮಾಡಿದ್ದನಂತಲ್ಲ, ನಿಂಗೆ ಗೊತ್ತಾಗ್ಲಿಲ್ವಾ ಎಂದು ಅಣ್ಣ ಕೇಳಿದ.

"ನನಗೆ ಯಾರೂ ಹೇಳ್ಲಿಲ್ಲ" ಎಂದೆ.

ಯೋಚಿಸಿ ಹೇಳಿದ್ದಲ್ಲ, ಬಂದುಬಿಟ್ಟಿತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೀವು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದವರು ಎತ್ತಿ ನನ್ನನ್ನು ನೋಡಿದಿರಿ. ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ನಾನು ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಅಯ್ಯೋ ಪಾಪ ಎನ್ನುವಂತೆ ನೋಡಿದಿರಿ. ಅವಳಿಗೆ ಸುದ್ದಿ ಸಿಕ್ಕಿದ್ರೆ ಹಾರಿ ಬರ್ತಿದ್ಳು ಎಂದು ಅಣ್ಣನಿಗೆ ನೀವೇ ಹೇಳಿದಿರಿ.

ಅಣ್ಣನ ಕೋಪ ನಿಮ್ಮ ಕಡೆ ತಿರುಗಿತು. "ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲೀತೀಯ. ಇದನ್ನ ಏನ್ಮಾಡ್ತೀಯ?" ಎಂದ. ನಾನು ಅಲ್ಲೇ ಇದ್ದೆ. ನಿನ್ನ ಕೈಯಲ್ಲಿ ಬಿಟ್ಟು ಹೋದಳಲ್ಲೋ ಎಂದು ನಿಮ್ಮಮ್ಮ ನಿಮ್ಮ ಎದೆಗೆ ಗುದ್ದಿದರು. ನಾನು ಅಲ್ಲೇ ಇದ್ದೆ. ಮೂರನೆಯ ದಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರು ಅಟೆಂಡರ್ ಅಕ್ಕನನ್ನು ಎಲ್ಲರ ಮುಂದೆ ನಿಲ್ಲಿಸಿ, ಒಂದು ಸುದ್ದಿ ಮುಟ್ಟಿಸಲು ಬರಲಿಲ್ಲವೇ ಎಂದು ಬೈದರಂತೆ. ನಾನು ರಜೆಯಿಂದ ಬಂದ ದಿನ ಆಕೆ ನನ್ನ ಮೇಜಿನ ಹತ್ತಿರ ನೀರಿನ ಲೋಟ ಇಟ್ಟು ಒಂದೇ ಒಂದು ಸಲ ನನ್ನ ಮುಖ ನೋಡಿದರು. ನಾನು ಹಾಜರಿ ಪುಸ್ತಕ ತೆರೆದೆ. ಚೀಟಿ ಅದರಲ್ಲೇ ಇತ್ತು.

ಆಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಎಂಟು ತಿಂಗಳು ಇದ್ದೆವು. ನೀವು ಮಕ್ಕಳ ಬಟ್ಟೆ ಹೊಲಿಯುವುದನ್ನು ಬಿಟ್ಟಿರಿ. ಶಾಲೆ ಶುರುವಾಗುವ ಕಾಲದಲ್ಲಿ ಸಮವಸ್ತ್ರ ಹೊಲಿಸಲು ಬಂದವರನ್ನು ಬೇರೆ ಅಂಗಡಿಗೆ ಕಳಿಸಿದಿರಿ. ಒಂದು ದಿನ ಊಟಕ್ಕೆ ಕೂತಾಗ, ಆ ಇಂಜೆಕ್ಷನ್ ನಂಗೆ ಬರ್ತಿದ್ರೆ ಉಳೀತಿದ್ನಾ ಎಂದು ಕೇಳಿದಿರಿ. ನಾನು ಅನ್ನ ಬಡಿಸಿದೆ. ಆ ಉತ್ತರ ಈಗ ಕೊಡುತ್ತಿದ್ದೇನೆ. ಉಳಿಯುತ್ತಿದ್ದ. ನಿಮ್ಮ ಕೈ ಎಂದೂ ನಡುಗುವ ಕೈಯಲ್ಲ. ಒಂದೇ ದಿನದಲ್ಲಿ ಕಲಿಯುತ್ತಿದ್ದಿರಿ. ನಾನು ಕಲಿಸಲಿಲ್ಲ, ಕಲಿಸಿದೆ ಎಂದು ಸಹಿ ಹಾಕಿದೆ, ಕರೆದಾಗ ಬರಲಿಲ್ಲ, ಕರೆಯಲೇ ಇಲ್ಲ ಎಂದು ಹೇಳಿದೆ.

ನೀವು ಯಂತ್ರವನ್ನು ಗಾಡಿಗೆ ಹಾಕಿಸಿ ಊರು ಬಿಟ್ಟಾಗ, ಜನರ ಮಾತು ತಾಳಲಾರದೆ ಹೋದರು ಎಂದುಕೊಂಡೆ. ನಾನು ತಡೆಯಲಿಲ್ಲ. ನಿಮ್ಮ ಮುಖ ಎದುರಿಗಿಲ್ಲದಿದ್ದರೆ ಉಸಿರಾಡಬಹುದು ಅನ್ನಿಸಿತ್ತು.

ಕ್ಷಮಿಸಿ ಎಂದು ಬರೆಯುವುದಿಲ್ಲ. ಅದನ್ನು ಕೇಳುವ ಮುಖ ಇಲ್ಲ. ಈ ಕಾಗದವನ್ನು ನೀವು ನನ್ನಣ್ಣನಿಗೆ ತೋರಿಸಿ, ನಿಮ್ಮ ತಂಗಿಯರಿಗೆ ತೋರಿಸಿ, ಯಾರಿಗೆ ಬೇಕಾದರೂ ಓದಿ ಹೇಳಿ. ನಿಮ್ಮಮ್ಮ ಈಗ ಇಲ್ಲ ಎಂದು ಕೇಳಿದೆ. ಅವರು ಹೋಗುವ ಮುಂಚೆ ನಾನು ಇದನ್ನು ಬರೆಯಬೇಕಿತ್ತು. ಮಗ ತಪ್ಪು ಮಾಡಿದ ಎಂದೇ ತಿಳಿದು ಹೋದರು.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಕಣ್ಣು ತೋರಿಸಿಕೊಳ್ಳಿ, ಈ ವಯಸ್ಸಿಗೆ ದಾರ ಪೋಣಿಸಲು ಕಷ್ಟವಾಗುತ್ತಿರುತ್ತದೆ.

ಇಂತು,
ಕಾಗದದಲ್ಲಿ ಇನ್ನೂ ನಿಮ್ಮ ಹೆಂಡತಿ

ತಾ.ಕ. ಇದನ್ನು ಬುಧವಾರ ಸೇರಿಸುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಿದ ಮೇಲೆ ನಿಮ್ಮ ವಿಳಾಸವೇ ಇಲ್ಲವೆಂಬುದು ಹೊಳೆಯಿತು. ಮೊದಲು ಕ್ಷಮೆ ಕೇಳಬೇಕಾದ್ದು ಅಟೆಂಡರ್ ಅಕ್ಕನ ಹತ್ತಿರ ಅನ್ನಿಸಿ ನಿನ್ನೆ ಅವರ ಮನೆಗೆ ಹೋದೆ. ನಿವೃತ್ತಿಯಾಗಿ ಮಗಳ ಜೊತೆ ಇದ್ದಾರೆ. ಎಲ್ಲ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ, ಯಾವ ಪುಸ್ತಕವನ್ನೂ ನೋಡದೆ ನಿಮ್ಮ ವಿಳಾಸ ಬರೆದು ತಂದರು.

ನೀವು ಊರು ಬಿಡುವ ಹಿಂದಿನ ವಾರ ಕಾಲೇಜಿನ ಗೇಟಿಗೆ ಬಂದಿದ್ದಿರಂತೆ. ನನ್ನ ಫೋನಿನಿಂದ ನಿಮಗೆ ಬೈಗುಳ ಆಯ್ತು, ಮನಸ್ಸಿನಲ್ಲಿ ಇಟ್ಟುಕೋಬೇಡಿ ಎಂದು ಕೈ ಮುಗಿದಿರಂತೆ. ಆಕೆಗೆ ತಡೆಯಲಾಗದೆ, ಚೀಟಿ ಕೊಟ್ಟಿದ್ದೆ ಅಣ್ಣಾ ಎಂದು ಹೇಳಿಬಿಟ್ಟರಂತೆ. ನೀವು ಕಾವಲುಗಾರನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿರಂತೆ. ನೀರು ಕೇಳಿ ಕುಡಿದಿರಂತೆ. ಎದ್ದು ಹೋಗುವಾಗ ನೀವು ಹೇಳಿದ್ದನ್ನು ಆಕೆ ನನಗೆ ಹಾಗೇ ಹೇಳಿದರು: "ಇದನ್ನ ಯಾರ ಹತ್ರಾನೂ ಹೇಳ್ಬೇಡಿ. ಗೊತ್ತಾದ್ರೆ ಅವಳು ಆ ಪಾಠ ಮಾಡೋದು ನಿಲ್ಲಿಸ್ಬಿಡ್ತಾಳೆ. ಅವಳಷ್ಟು ಚೆನ್ನಾಗಿ ಅದನ್ನ ಯಾರೂ ಹೇಳಲ್ಲ. ಬೇರೆಯವರ ಮಕ್ಕಳಾದ್ರೂ ಉಳೀಲಿ."

ವರ್ಷಕ್ಕೊಂದು ಸಲ ನೀವು ಆಕೆಗೆ ಕಾಗದ ಬರೆದು ಅದೊಂದೇ ಕೇಳುತ್ತೀರಂತೆ, ಪಾಠ ಮಾಡ್ತಿದಾಳಾ ಎಂದು. ಮಾಡ್ತಿದಾರೆ ಎಂದು ಆಕೆ ಬರೆಯುತ್ತಾ ಬಂದಿದ್ದಾರೆ. ಅದು ಸುಳ್ಳು. ಅಂದಿನಿಂದ ಒಂದು ವರ್ಷವೂ ನಾನು ಆ ಪಾಠ ಮಾಡಿಲ್ಲ. ಯಾವುದಾದರೂ ನೆಪ ಹೇಳಿ ಕಿರಿಯ ಟೀಚರಿಗೆ ಕೊಟ್ಟು, ಆ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕೂತಿರುತ್ತೇನೆ. ಕಿತ್ತಳೆ ಹಣ್ಣು ಹಿಡಿದಿದ್ದ ಆ ಹುಡುಗಿಗೂ ಕಲಿಸಿದ್ದು ನಾನಲ್ಲ.

ಮೊದಲ ವರ್ಷದವರು ಎರಡನೆಯ ವರ್ಷಕ್ಕೆ ಬರಲು ಇನ್ನು ನಾಲ್ಕು ತಿಂಗಳಿದೆ. ಆ ಪಾಠದ ಎದುರು ನನ್ನ ಹೆಸರು ಬರೆದು ಇವತ್ತು ಆಫೀಸಿಗೆ ಕೊಟ್ಟು ಬಂದೆ. ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಮುಂದಿನ ಸಲ ಕೇಳುವುದಿದ್ದರೆ ನನಗೇ ಬರೆದು ಕೇಳಿ.